ಸ್ಟೋರ್ ಮಾಮನ ಉಪ್ಪು, ನಮ್ಮ ಮಷಿನ್

ಮೊನ್ನೆ ಲಾಫ್ಟಿನಿಂದ, ಕೋಣೆಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಮಷಿನ್ ಇಳಿಸಿ ಅದರ ನೀರಿನ ತೊಟ್ಟಿಯನ್ನು ಹೊರಗೆ ಎಳೆದರೆ ಒಳಗೊಂದು ಸ್ಟೀಲ್ ಬಟ್ಟಲು ಕೂತಿತ್ತು. ಬಟ್ಟಲಿನ ತಳದಲ್ಲಿ ಕಲ್ಲಾಗಿ ಹೋದ ಉಪ್ಪು. ಕಳೆದ ಮಳೆಗಾಲ ಮುಗಿದಾಗ ನಾನೇ ಇಟ್ಟು ಮರೆತೆನೋ, ಮಾಮನೇ ಇಟ್ಟು ಸುಮ್ಮನಾದರೋ... ತೊಟ್ಟಿಯಿಂದ ಧೂಳು ಮತ್ತು ಪ್ಲಾಸ್ಟಿಕ್ ಬೆರೆತ ಒಂದು ವಾಸನೆ ಬಂತು. ಒರೆಸಲು ತಂದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೆಲದ ಮೇಲೇ ಕೂತಿದ್ದೆ.

ಅವರನ್ನು ಇಡೀ ಬಿಲ್ಡಿಂಗ್ ಕರೆಯುತ್ತಿದ್ದದ್ದು ಸ್ಟೋರ್ ಮಾಮ ಎಂದು. ಮುಂಬಯಿಯ ಸಾಂತಾಕ್ರೂಜ್‌ನ ಈ ಹಳೆಯ ಕಟ್ಟಡದಲ್ಲಿ ನಾವು ನೆಲಮಹಡಿಯಲ್ಲಿ, ಅವರು ಮಗ ಸೊಸೆಯ ಜತೆ ನಮ್ಮ ನೇರ ಮೇಲೆ. ಉಡುಪಿ ಕಡೆಯವರು, ಸ್ಟೇಷನ್ ಹತ್ತಿರದ ಹೋಟೆಲೊಂದರ ಉಗ್ರಾಣವನ್ನು ಮೂವತ್ತು ವರ್ಷ ನೋಡಿಕೊಂಡವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಕ್ಕಿಗೆ, ಉದ್ದಿಗೆ, ರವೆಗೆ ಬೂಷ್ಟು ಬಾರದಂತೆ ಕಾಯುವುದೇ ಅವರ ನೌಕರಿ. ಉಗ್ರಾಣದ ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದರೆ ಸಾಕು, ಯಾವ ಸಾಲಿನ ಎಷ್ಟನೇ ಮೂಟೆಗೆ ತೇವ ತಾಗಿದೆ ಎಂದು ಹೇಳಿಬಿಡುತ್ತಿದ್ದರಂತೆ. ಈ ‘ಅಂತೆ’ಯನ್ನು ನಮಗೆ ಹೇಳಿದವರು ಹೆಚ್ಚಾಗಿ ಅವರೇ. ಆದರೂ ಸುಳ್ಳಿರಲಾರದು. ರಿಟೈರಾದ ಮೇಲೂ ಧಣಿಗಳು ಪ್ರತಿ ಸೋಮವಾರ ಬೆಳಿಗ್ಗೆ ಅವರನ್ನು ಕರೆಸುತ್ತಿದ್ದರು. ಹೊಸ ಮೂಟೆಗಳನ್ನು ಅವರು ಮೂಸಿ ‘ಅಡ್ಡಿಲ್ಲ’ ಅನ್ನುವ ತನಕ ಅಡಿಗೆಯವರು ಹೊಲಿಗೆ ಬಿಚ್ಚುತ್ತಿರಲಿಲ್ಲ. ಸೋಮವಾರ ಅವರ ಅಂಗಿಗೆ ಇಸ್ತ್ರಿ ಇರುತ್ತಿತ್ತು.

ನಮ್ಮ ಮನೆಗೆ ಮಷಿನ್ ಬಂದದ್ದು ಮೂರು ಮಳೆಗಾಲದ ಹಿಂದೆ. ಮಲಗುವ ಕೋಣೆಯ ಗೋಡೆ ಗುಳ್ಳೆ ಎದ್ದು ಉದುರುತ್ತಿತ್ತು, ಕಪಾಟಿನ ಹಿಂದೆ ಹಸಿರು ಕಲೆಗಳು, ಮಗಳಿಗೆ ಜುಲೈ ಬಂತೆಂದರೆ ಎದೆಯಲ್ಲಿ ಸುಯ್ ಸುಯ್ ಸದ್ದು. ಕೋಣೆಯ ತೇವ ಇಳಿಸಿ ಎಂದರು ಡಾಕ್ಟರು. ಗಂಡ ಹಡಗಿನ ಕೆಲಸದವರು, ಅರ್ಧ ವರ್ಷ ನೀರಿನ ಮೇಲೆ. ಹಾಗಾಗಿ ಮನೆಯೊಳಗಿನ ನೀರಿನ ಸಂಗತಿ ನನ್ನ ಪಾಲಿಗೆ ಬಿತ್ತು.

ಡಬ್ಬ ಬಂದ ದಿನ ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದು ಬಂದವರು ಸ್ಟೋರ್ ಮಾಮ. ಗಾಳಿಯಿಂದ ನೀರು ತೆಗೆಯುವ ಯಂತ್ರವೆಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. “ಮೂವತ್ತು ವರ್ಷ ನಾನು ಇದ್ದಿಲು, ಬೇವಿನೆಲೆ, ಗೋಣಿ ಅಂತ ಸತ್ತೆ ಮಾರಾಯ್ತಿ. ಈ ಡಬ್ಬಿ ಎಂತ ಮಾಡ್ತದೆ, ನೋಡುವ” ಎಂದು ಕುರ್ಚಿ ಎಳೆದು ಕೂತರು. ಇಂಗ್ಲಿಷಿನಲ್ಲಿದ್ದ ಪುಸ್ತಿಕೆಯನ್ನು ನಾನು ಓದಿ ಕನ್ನಡದಲ್ಲಿ ಹೇಳಬೇಕು, ಅವರು ಪ್ರತಿ ಸಾಲಿಗೂ ‘ಯಾಕೆ’ ಅನ್ನಬೇಕು. ತಂದ ತಕ್ಷಣ ಚಾಲೂ ಮಾಡಬೇಡಿ, ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿಡಿ. ಯಾಕೆ? ಸಾಗಾಟದಲ್ಲಿ ವಾಲಿದ್ದರೆ ಒಳಗಿನ ಎಣ್ಣೆ ಮತ್ತೆ ತಳಕ್ಕಿಳಿಯಬೇಕಲ್ಲ, ಅದಕ್ಕೆ. ಗೋಡೆಯಿಂದ ದೂರ ಇಡಿ. ಯಾಕೆ? ಅದಕ್ಕೂ ಉಸಿರಾಡಲು ಜಾಗ ಬೇಕು. ಈ ಉತ್ತರ ಅವರಿಗೆ ಬಹಳ ಹಿಡಿಸಿತು. ಅಕ್ಕಿ ಮೂಟೆಯನ್ನೂ ಅವರು ಗೋಡೆಗೆ ಒತ್ತಿ ಇಡಲು ಬಿಡುತ್ತಿರಲಿಲ್ಲವಂತೆ.

ಕಿಟಕಿ ಬಾಗಿಲು ಮುಚ್ಚಿ ಎಂಬ ಸಾಲಿಗೆ ಮಾತ್ರ ಅವರು ಮುಖ ಸಿಂಡರಿಸಿದರು. ನಮ್ಮ ಬಿಲ್ಡಿಂಗಿನಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಂಡವರ ಮನೆಯಲ್ಲಿ ಜಗಳವೋ ಜ್ವರವೋ ಇದೆ ಎಂದೇ ಲೆಕ್ಕ. ಆದರೆ ತೆರೆದಿಟ್ಟರೆ ಇಡೀ ಸಾಂತಾಕ್ರೂಜ್‌ನ ತೇವ ಹೀರಲು ಹೊರಡುತ್ತದೆ ಮಾಮ, ಅಂದೆ. ನಕ್ಕು ಒಪ್ಪಿದರು.

ತೊಡಕಾದದ್ದು ಪ್ಲಗ್ಗಿನಲ್ಲಿ. ಆ ಕೋಣೆಯ ದೊಡ್ಡ ಪ್ಲಗ್ ಪಾಯಿಂಟ್ ಇದ್ದದ್ದು ಕಬ್ಬಿಣದ ಕಪಾಟಿನ ಹಿಂದೆ. ಗೋಡೆಯಿಂದ ದೂರ ಇಟ್ಟರೆ ಮಷಿನಿನ ವಯರು ಅಲ್ಲಿಗೆ ಮುಟ್ಟುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಬಳಸಬೇಡಿ, ನೇರ ಗೋಡೆಯ ಪಾಯಿಂಟಿಗೇ ಹಾಕಿ ಎಂದು ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ನಾನು ಓದಿದ್ದೆ. ಬರೆಯುವವರು ಬರೆಯುತ್ತಾರೆ ಅಂದುಕೊಂಡು ಆ ಒಂದು ಸಾಲನ್ನು ಮಾಮನಿಗೆ ಹೇಳದೆ ದಾಟಿಸಿಬಿಟ್ಟೆ. ಗಣಪತಿ ಹಬ್ಬದಲ್ಲಿ ಬಣ್ಣದ ದೀಪಗಳಿಗೆ ಬಳಸುತ್ತಿದ್ದ ಹಳೆಯ ಬೋರ್ಡ್ ತಂದೆ. ನೆಲ ಒದ್ದೆ ಇದೆಯಲ್ಲ ಎಂದು ಮಾಮ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಸುತ್ತಿ, ಎರಡೂ ತುದಿಗೆ ರಬ್ಬರ್ ಹಾಕಿ, ಉಗ್ರಾಣದ ಅಚ್ಚುಕಟ್ಟಿನಲ್ಲಿ ಕಟ್ಟಿದರು. ಮಳೆಗಾಲದ ಮುಂಬಯಿಯಲ್ಲಿ ನಾವು ಸುತ್ತದೆ ಬಿಟ್ಟ ವಸ್ತು ಯಾವುದಿದೆ? ಮೊಬೈಲಿಗೆ, ಟಿವಿ ರಿಮೋಟಿಗೆ, ಚಪಾತಿ ಹಿಟ್ಟಿಗೆ, ಎಲ್ಲಕ್ಕೂ ಪ್ಲಾಸ್ಟಿಕ್ಕೇ. ಇಬ್ಬರಿಗೂ ಅದು ಬುದ್ಧಿವಂತಿಕೆಯ ಕೆಲಸವಾಗಿಯೇ ಕಂಡಿತು.

ಮೊದಲ ದಿನ ಸಂಜೆಯೊಳಗೆ ಅರ್ಧ ತೊಟ್ಟಿ ನೀರು! ಮಾಮ ತೊಟ್ಟಿಯನ್ನು ಬೆಳಕಿಗೆ ಹಿಡಿದು, “ಇಷ್ಟು ನೀರು ಈ ಕೋಣೆಯಲ್ಲಿ ಎಲ್ಲಿ ಕೂತಿತ್ತು?” ಎಂದು ಸುತ್ತಲೂ ನೋಡಿದರು. ನಾನೂ ನೋಡಿದೆ. ಹಾಸಿಗೆ, ಪರದೆ, ಮಗಳ ಶಾಲೆಯ ಪುಸ್ತಕಗಳು... ಎಲ್ಲೂ ಒಂದು ಹನಿ ಕಾಣುತ್ತಿರಲಿಲ್ಲ. ನಲ್ಲಿಗೆ ಹೊತ್ತು ನೋಡಿ ನೀರು ಬರುವ ಊರಿನಲ್ಲಿ ಅದನ್ನು ಚೆಲ್ಲಲು ಮನಸ್ಸು ಬಾರದೆ, ಇಷ್ಟು ತಿಳಿಯಾಗಿದೆಯಲ್ಲ, ಕುಡಿಯಬಹುದೇನೋ ಅಂದೆ. ಅವರು ತಕ್ಷಣ ತೊಟ್ಟಿ ದೂರ ಸರಿಸಿದರು. “ಕೋಣೆಯ ಬೂಷ್ಟು, ಧೂಳು ಎಲ್ಲ ತೊಳೆದ ನೀರು ಇದು. ನೆಲ ಒರೆಸಲಿಕ್ಕೆ ಸಾಕು.”

ಆಮೇಲೆ ದಿನಾ ಸಂಜೆ ಬರತೊಡಗಿದರು. ಕೋಣೆಯಲ್ಲಿ ಎಷ್ಟು ತೇವವಿದೆ ಎಂದು ಮಷಿನ್ ಮೇಲೆ ತೋರಿಸುವ ಅಂಕಿ ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಒಂದು ಬಟ್ಟಲಲ್ಲಿ ಪುಡಿ ಉಪ್ಪು ಇಟ್ಟರು. ಅಂಕಿ ಎಂಬತ್ತು ದಾಟಿದರೆ ಉಪ್ಪು ಬೆರಳಿಗೆ ಹತ್ತುತ್ತದೆ, ಅರವತ್ತಕ್ಕೆ ಬಂದರೆ ಉದುರುತ್ತದೆ. ಐವತ್ತರ ಹತ್ತಿರ ಬಂದರೆ ಸಾಕು, ಇನ್ನೂ ಇಳಿಸಿದರೆ ಮಗುವಿನ ಗಂಟಲು ಒಣಗೀತು ಅನ್ನುವುದನ್ನೂ ಅವರೇ ತೀರ್ಮಾನಿಸಿದರು. ಬೆರಳಿನಲ್ಲಿ ಉಪ್ಪು ಉಜ್ಜುತ್ತ, ಅಂಕಿ ನೋಡುತ್ತ ಗಂಟೆಗಟ್ಟಲೆ ಕೂರುತ್ತಿದ್ದರು. ಮಗಳು ಒಮ್ಮೆ, “ಅಮ್ಮಾ, ಮಾಮ ರೋಜ್ ಯಾಕೆ ಬರ್ತಾರೆ? ಮಷಿನ್ ಭಾಗ್ ಜಾಯೇಗಾ ಕ್ಯಾ?” ಎಂದು ಕೇಳಿದಳು. ಓಡಿಹೋದರೆ ಹಿಡಿಯಲು ಒಬ್ಬರಿರಲಿ ಅಂದೆ.

ಒಂದು ಸಂಗತಿಯನ್ನು ನಾನು ಗಮನಿಸಬೇಕಿತ್ತು. ಮೂಗಿನ ಮನುಷ್ಯ ಬೆರಳಿನಿಂದ ಯಾಕೆ ಪರೀಕ್ಷೆ ಮಾಡುತ್ತಿದ್ದಾರೆ? ನನ್ನ ಕಾಫಿ ಸೀದಿದ್ದ ದಿನವೂ ಚೆನ್ನಾಗಿದೆ ಎಂದು ಕುಡಿದಿದ್ದರು. ಗೇಟಿನ ಕಸದ ಡ್ರಮ್ಮಿನ ಪಕ್ಕವೇ ನಿಂತು ಹತ್ತು ನಿಮಿಷ ಯಾರೊಡನೆಯೋ ಮಾತಾಡಿದ್ದರು. ಆಗ ಅದೊಂದೂ ತಲೆಗೆ ಹೋಗಲಿಲ್ಲ.

ಅದೊಂದು ಶನಿವಾರ, ನಾಲ್ಕು ಗಂಟೆ ಇರಬಹುದು. ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಮಾಮನನ್ನು ಮಷಿನ್ ಹತ್ತಿರ ಬಿಟ್ಟು ನಾನು ತರಕಾರಿಗೆ ಹೋದೆ. ಮರಳಿ ಬಂದು ನಮ್ಮ ಮನೆಯ ಬಾಗಿಲು ತಳ್ಳುತ್ತಲೇ ಮೂಗಿಗೆ ರಪ್ಪೆಂದು ಹೊಡೆಯಿತು, ಪ್ಲಾಸ್ಟಿಕ್ ಸುಟ್ಟ ವಾಸನೆ. ಮುಚ್ಚಿದ ಕೋಣೆಯ ಕದ ತೆರೆದೆ. ಮಾಮ ಸ್ಟೂಲಿನ ಮೇಲೆ ಕೂತು ನನ್ನತ್ತ ತಿರುಗಿ ಸಂತೋಷದಿಂದ, “ಐವತ್ತೆರಡಕ್ಕೆ ಇಳಿಯಿತು ನೋಡು” ಅಂದರು. ಅವರ ಬೆನ್ನ ಹಿಂದೆ, ಎರಡು ಗೇಣು ದೂರದಲ್ಲಿ, ಚೀಲದೊಳಗಿನ ಬೋರ್ಡು ಕಂದಾಗಿ ಕರಗಿ ಎಳೆ ಎಳೆಯಾಗಿ ಹೊಗೆ ಬಿಡುತ್ತಿತ್ತು. ಪರದೆಯ ಅಂಚು ಅದಕ್ಕೆ ತಾಗುವಷ್ಟು ಹತ್ತಿರ.

ತರಕಾರಿ ಚೀಲ ಅಲ್ಲೇ ಬಿಟ್ಟು ಓಡಿ ಬಾಗಿಲ ಪಕ್ಕದ ಮೇನ್ ಸ್ವಿಚ್ ಇಳಿಸಿದೆ. ಪರದೆ ಎಳೆದು ಕಿಟಕಿ ತೆರೆದೆ. ಮಾಮ ಇನ್ನೂ ಎಂತ ಆಯ್ತು, ಎಂತ ಆಯ್ತು ಎಂದು ಕೇಳುತ್ತಿದ್ದರು.

“ಮಾಮ, ನಿಮಗೆ ವಾಸನೆ ಬರಲಿಲ್ವಾ?”

ಅವರು ತಿರುಗಿ ಕರಗಿದ ಬೋರ್ಡನ್ನು ನೋಡಿದರು. ನನ್ನ ಪ್ರಶ್ನೆ ಅವರಿಗೆ ಎಲ್ಲಿ ತಾಗಿತೆಂದು ನನಗೆ ಆಗಲೇ ಗೊತ್ತಾಯಿತು.

ಆಮೇಲೆ ಅವರೇ ಹೇಳಿದರು, ಕೊರೋನಾ ಕಾಲದಲ್ಲಿ ಎಲ್ಲರಿಗೂ ಬಂದ ಆ ಜ್ವರ ಅವರಿಗೂ ಬಂದಿತ್ತು. ಜ್ವರ ಬಿಟ್ಟಿತು, ಮೂಗು ಮರಳಲಿಲ್ಲ. ಇಂದು ಬಂದೀತು, ನಾಳೆ ಬಂದೀತು ಎಂದು ಕಾದರು. ಮನೆಯಲ್ಲೂ ಹೇಳಲಿಲ್ಲ. ಸೋಮವಾರಗಳಲ್ಲಿ ಮೂಟೆಯೊಳಗೆ ಕೈ ತೂರಿಸಿ, ಒಂದು ಕಾಳು ಹಲ್ಲಿನಲ್ಲಿ ಕಡಿದು, ಅಭ್ಯಾಸಕ್ಕೆ ಮೂಗಿನ ಹತ್ತಿರ ಹಿಡಿದು ‘ಅಡ್ಡಿಲ್ಲ’ ಅನ್ನುತ್ತಿದ್ದರು. “ಹೋದ ತಿಂಗಳು ಉದ್ದಿನಬೇಳೆ ಒಂದು ಮೂಟೆ ಮುಗ್ಗಿತ್ತು. ರುಬ್ಬಿದ ಮೇಲೆ ಅಡಿಗೆಯವರಿಗೆ ಗೊತ್ತಾಯ್ತು, ಚೆಲ್ಲಿದರು. ನನಗೆ ಯಾರೂ ಏನೂ ಹೇಳಲಿಲ್ಲ” ಅಂದರು. ಆಮೇಲೆ ತಲೆ ಎತ್ತದೆ, “ಧಣಿಗೆ ಹೇಳಬೇಡ. ಸೋಮವಾರ ಒಂದೇ ಉಂಟು ನನಗೆ” ಅಂದರು.

ಹೇಳುವುದಿಲ್ಲ ಅಂದೆ. ಪುಸ್ತಿಕೆಯ ಆ ಸಾಲನ್ನು ನಾನು ಮುಚ್ಚಿಟ್ಟದ್ದನ್ನೂ ಅವರಿಗೆ ಹೇಳಿದೆ. ತಪ್ಪು ನನ್ನದೇ, ನಿಮ್ಮದೇನಿಲ್ಲ ಅಂದೆ. ಅದರಿಂದ ಅವರಿಗೆ ಸಮಾಧಾನವಾದೀತು ಎಂದು ನಂಬಿದ್ದೆ.

ಸೋಮವಾರ ಇಸ್ತ್ರಿ ಅಂಗಿ ಹಾಕಿಕೊಂಡು ಎಂದಿನಂತೆ ಹೋದರು. ಎಂದಿಗಿಂತ ಬೇಗ ಬಂದರು. ನಾನು ಆಫೀಸಿಗೆ ಹೊರಟು ಬೀಗ ಹಾಕುತ್ತಿದ್ದೆ.

“ಹೇಳಿ ಬಂದೆ” ಅಂದರು.

“ಯಾಕೆ ಮಾಮ? ನಾನು ಯಾರಿಗೂ ಹೇಳ್ತಿರಲಿಲ್ಲ.”

“ನೀನು ಹೇಳುದಿಲ್ಲ ಅಂತ ಗೊತ್ತುಂಟು. ಅದಕ್ಕೇ ಹೋದದ್ದು. ಬೆನ್ನ ಹಿಂದಿನ ಬೆಂಕಿ ಗೊತ್ತಾಗದ ಮೂಗು, ಅಷ್ಟು ಜನ ಉಣ್ಣುವ ಅಕ್ಕಿಗೆ ಎಂತ ಹೇಳ್ತದೆ?”

ಮೆಟ್ಟಿಲು ಹತ್ತಿದರು. ಗುಟ್ಟು ಕಾಯುತ್ತೇನೆಂದು ಎರಡು ದಿನ ನಾನು ದೊಡ್ಡ ಮನುಷ್ಯಳಂತೆ ಬೀಗಿದ್ದೆ. ಆ ಹೊತ್ತಿಗೆ ನಾಚಿಕೆಯಾಯಿತು.

ಎಲೆಕ್ಟ್ರಿಷಿಯನ್ ಬಂದು ಕಪಾಟು ಸರಿಸಿ, ಅರ್ತಿಂಗ್ ನೋಡಿ, ಗೋಡೆಗೆ ಹೊಸ ಪಾಯಿಂಟ್ ಕೂರಿಸಿದ. ಆಮೇಲೆ ಮಷಿನ್ ಪ್ಲಗ್ ನೇರ ಅದಕ್ಕೇ. ತೊಟ್ಟಿ ಖಾಲಿ ಮಾಡುವ ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತು, ಒಣ ಕೈಯಲ್ಲೇ ಮುಟ್ಟಬೇಕು. ಹದಿನೈದು ದಿನಕ್ಕೊಮ್ಮೆ ಗಾಳಿ ಸೋಸುವ ಜಾಲರಿ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ಅದು ಓಡಬಾರದು. ಈ ಕಟ್ಟಳೆಗಳೆಲ್ಲ ಆಮೇಲೆ ಮಾಮ ಹಾಕಿದವೇ. ಬೋರ್ಡು ಸುಟ್ಟ ದಿನದಿಂದ ಅವರು ಹೇಳಿದ ಒಂದು ಸಾಲನ್ನೂ ನಾನು ದಾಟಿಸಿಲ್ಲ.

ಆ ಸೋಮವಾರದ ನಂತರ ಒಂದು ವಾರ ಅವರು ಇಳಿದು ಬರಲಿಲ್ಲ. ಎಂಟನೆಯ ದಿನ ಸಂಜೆ ಬಂದು, ಉಪ್ಪು ಮುಟ್ಟದೆ, ಅಂಕಿಯನ್ನೂ ನೋಡದೆ ಕೂತು, “ಈಗ ಇಲ್ಲಿ ಎಂತ ವಾಸನೆ ಉಂಟು, ಹೇಳು” ಅಂದರು.

ಒದ್ದೆ ವಾಸನೆ, ಅಂದೆ.

“ಯಾವ ಒದ್ದೆ?”

ನಲವತ್ತು ವರ್ಷ ಮೂಗು ಹೊತ್ತು ತಿರುಗಿದವಳು ನಾನು, ಒದ್ದೆಯಲ್ಲಿ ಬಗೆಗಳಿವೆ ಎಂದು ಯೋಚಿಸಿಯೇ ಇರಲಿಲ್ಲ. ಒಣಗದ ಟವೆಲಿನ ಒದ್ದೆಯೋ, ಸಿಮೆಂಟಿನದೋ, ಹಳೆಯ ಪೇಪರಿನದೋ, ಗೋಣಿಯದೋ? ಕಣ್ಣು ಮುಚ್ಚಿ ಹುಡುಕಿದೆ. ಸಿಮೆಂಟು ಅಂದೆ. ಹುಳಿ ಉಂಟಾ ಅದರಲ್ಲಿ? ಇಲ್ಲ. ಹಾಗಾದರೆ ಗೋಡೆ ಒಣಗುತ್ತಾ ಉಂಟು ಅಂದರು. ಮೂರು ದಿನದಲ್ಲಿ ಗೋಡೆಯ ಕಲೆ ಮಾಸತೊಡಗಿತು. ನನಗೆ ಅದೊಂದು ಆಟವೇ ಆಯಿತು. ಲೋಕಲ್ ರೈಲಿನಲ್ಲಿ ನಿಂತಾಗ, ಮಲಾಡ್‌ನ ಆಫೀಸಿನ ಲಿಫ್ಟಿನಲ್ಲಿ, ಸಂಜೆ ಮಾಮನಿಗೆ ಹೇಳಲು ವಾಸನೆಗಳನ್ನು ಆಯ್ದಿಟ್ಟುಕೊಳ್ಳುತ್ತಿದ್ದೆ. ಅವರು ಮಕ್ಕಳ ಹಾಗೆ ಕೂತು ಕೇಳುತ್ತಿದ್ದರು. ಕೊನೆಗೆ ಏಳುವಾಗ ಒಂದೇ ಪ್ರಶ್ನೆ ತಪ್ಪದೆ ಬರುತ್ತಿತ್ತು, “ಸುಟ್ಟದ್ದು ಎಂತದೂ ಇಲ್ಲ ಅಲ್ವಾ?” ಇಲ್ಲ ಮಾಮ ಅಂದರೆ, “ಅಡ್ಡಿಲ್ಲ” ಎಂದು ಮೆಟ್ಟಿಲು ಹತ್ತುತ್ತಿದ್ದರು. ಹೀಗೆ ಎರಡೂವರೆ ವರ್ಷ.

ಕಳೆದ ಚಳಿಗಾಲದಲ್ಲಿ ಅವರು ಹೋದರು. ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಧಣಿಗಳು ಬಂದು ಕಾಲ ಬಳಿ ನಿಂತು ಅತ್ತರು. ಮಗ ಸೊಸೆ ಆಂಟಾಪ್ ಹಿಲ್‌ಗೆ ಮನೆ ಬದಲಿಸಿದರು. ಮೇಲೆ ಈಗ ಬೇರೆ ಬಾಡಿಗೆಯವರು.

ಮೊನ್ನೆ ಮಷಿನ್ ಒರೆಸಿ, ಗೋಡೆಯಿಂದ ಒಂದು ಮೊಳ ದೂರ ನೆಟ್ಟಗೆ ನಿಲ್ಲಿಸಿ, ನಾಲ್ಕು ಗಂಟೆ ಬಿಟ್ಟು ಚಾಲೂ ಮಾಡಿದೆ. ಬಟ್ಟಲಿನ ಉಪ್ಪನ್ನು ಚೆಲ್ಲಲು ಹೋಗಿ ಚೆಲ್ಲಲಿಲ್ಲ. ಅದನ್ನೇ ಕುಟ್ಟಿ ಪುಡಿ ಮಾಡಿ ಮತ್ತೆ ಇಟ್ಟೆ. ಕಿಟಕಿ ಮುಚ್ಚಿ ಅವರ ಸ್ಟೂಲಿನ ಮೇಲೆ ಕೂತೆ. ಮಷಿನ್ ಗುರ್ ಅನ್ನುತ್ತಿತ್ತು, ಅಂಕಿ ಎಂಬತ್ತೊಂದು. ಅವರಿಲ್ಲದ್ದು ಆ ಹೊತ್ತಿನಲ್ಲಿ ಸಂಕಟವಾಯಿತು, ನಿಜವಾಗಿ ಸಂಕಟವಾಯಿತು. ಕೇಳುವವರಿಲ್ಲ ಎಂದು ಗೊತ್ತಿದ್ದೂ ಕಣ್ಣು ಮುಚ್ಚಿ ಒಂದೊಂದಾಗಿ ಹೇಳಿದೆ.

ಬಿಸಿ ಧೂಳು, ಮಾಮ. ಒದ್ದೆ ಸಿಮೆಂಟು, ಹುಳಿ ಇಲ್ಲ. ನಿಮ್ಮ ಅಡಿಗೆಮನೆಯಲ್ಲಿ ಯಾರೋ ಬೊಂಬಿಲ್ ಮೀನು ಹುರಿಯುತ್ತಿದ್ದಾರೆ. ಸುಟ್ಟದ್ದು ಏನೂ ಇಲ್ಲ.