ಪತ್ರ ಬರೆಯುವವನು ಬಾಡಿಗೆಗೆ ಹೋದದ್ದು

ಊರವರ ಕರಾರುಪತ್ರಗಳನ್ನು ಬರೆದುಕೊಟ್ಟು ಹೊಟ್ಟೆ ಹೊರೆಯುವ ನನಗೆ, ಕರಾರುಪತ್ರ ಎಂದರೆ ಏನೆಂದು ಅರ್ಥವಾದದ್ದು ಹೋದ ತಿಂಗಳು. ಇದನ್ನು ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ. ಕಕ್ಷಿದಾರರ ಕಿವಿಗೆ ಬಿದ್ದರೆ ನನ್ನ ಅನ್ನಕ್ಕೆ ಕಲ್ಲು ಬೀಳುತ್ತದೆ.

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಹಂಚಿನ ಮಾಡಿನ ಎರಡು ಕೋಣೆಗಳಲ್ಲಿ ನನ್ನ ಕಚೇರಿ. ಅದನ್ನು ಕೆಡವುತ್ತಾರಂತೆ, ಖಾಲಿ ಮಾಡಬೇಕು. ಇಷ್ಟರಲ್ಲಿ ಗೊಂದಲವೇನೂ ಇರಲಿಲ್ಲ. ಅದು ಶುರುವಾದದ್ದು ಶೆಟ್ರಿಂದ. ದುಬೈಯಲ್ಲಿ ಇಪ್ಪತ್ತು ವರ್ಷ ಪರರ ಕಟ್ಟಡ ಕಟ್ಟಿಸಿ ಬಂದ ಅವರು, ಮಣಿಪಾಲದಿಂದ ಉಡುಪಿಗೆ ಇಳಿಯುವ ರಸ್ತೆಯಲ್ಲಿ ತಮ್ಮದೇ ಒಂದು ‘ಹಸಿರು ಕಟ್ಟಡ’ ಎಬ್ಬಿಸಿದ್ದಾರೆ. ಬಾಡಿಗೆಗೆ ಜಾಗ ನೋಡಲು ಹೋದ ನಾನು ಪಾಪ, ಹಸಿರು ಎಂದರಲ್ಲ ಎಂದು ಹಸಿರನ್ನೇ ಹುಡುಕಿದೆ. ಗೋಡೆಯೆಲ್ಲ ಬಿಳಿ, ಉಳಿದದ್ದು ಗಾಜು.

“ಕರೆಂಟು ಉಳಿಸುವ ಕಟ್ಟಡ, ಭಟ್ರೇ. ಈ ಗಾಜು ಬೆಳಕನ್ನು ಒಳಗೆ ಬಿಡ್ತದೆ, ಬಿಸಿಯನ್ನು ಬಿಡುವುದಿಲ್ಲ” ಎಂದರು ಶೆಟ್ರು.

ಅಣ್ಣತಮ್ಮಂದಿರನ್ನು ಬೇರೆ ಮಾಡುವ ಪಾಲುಪತ್ರ ನಾನೆಷ್ಟೋ ಬರೆದಿದ್ದೇನೆ. ಬೆಳಕನ್ನೂ ಬಿಸಿಯನ್ನೂ ಹಾಗೆ ಪಾಲು ಮಾಡಬಹುದೆಂದು ಗೊತ್ತಿರಲಿಲ್ಲ. ಗೊತ್ತಾದವನಂತೆ ತಲೆ ಆಡಿಸಿದೆ. ಒಳಕೋಣೆಯಲ್ಲಿ ಕುಳಿತು ನೋಡಿ ಎಂದು ಅವರು ಹೊರಗೆ ಹೋದರು. ಕೈಯಲ್ಲಿದ್ದ ಒಂದು ಕ್ರಯಪತ್ರ ಓದುತ್ತ ಕುಳಿತೆ. ಸ್ವಲ್ಪ ಹೊತ್ತಿಗೆ ದೀಪ ಆರಿತು. ಕರೆಂಟು ಹೋಯಿತೆಂದು ಎದ್ದೆ, ಬಂತು. ಕುಳಿತು ಓದಿದೆ, ಮತ್ತೆ ಹೋಯಿತು. ಶೆಟ್ರು ಬಾಗಿಲಲ್ಲಿ ನಿಂತು ನಕ್ಕರು.

“ಅದು ಸೆನ್ಸರ್ ಮಾರಾಯ್ರೆ. ಅಲುಗಾಡದಿದ್ರೆ ಕೋಣೆಯಲ್ಲಿ ಯಾರೂ ಇಲ್ಲ ಅಂತ ತಿಳ್ಕೊಳ್ತದೆ.”

ನನ್ನ ಬಗ್ಗೆ ಮನೆಯಾಕೆಯ ಅಭಿಪ್ರಾಯವೂ ಸುಮಾರು ಇದೇ. ಆದರೆ ಅಲುಗಾಡದೆ ಕುಳಿತು ಓದುವುದೇ ನನ್ನ ವೃತ್ತಿಯಲ್ಲವೇ? ಇನ್ನು ಮೇಲೆ ಗಡಿ, ಚಕ್ಕುಬಂದಿ ಓದುವಾಗ ನಡುನಡುವೆ ಒಂದು ಕೈ ಬೀಸಬೇಕು. ಎದುರು ಕುಳಿತ ಕಕ್ಷಿದಾರ ಏನೆಂದುಕೊಂಡಾನು! ಹಳೆಯ ಕಚೇರಿಯಲ್ಲಿ ಎರಡು ಕಿಟಕಿ ತೆರೆದರೆ ಫ್ಯಾನೂ ಬೇಡ, ದೀಪವೂ ಬೇಡ. ಹಾಗಾದರೆ ನಾನು ಮೂವತ್ತು ವರ್ಷ ಕುಳಿತದ್ದೂ ಕರೆಂಟು ಉಳಿಸುವ ಕಟ್ಟಡವೇ ಅಲ್ಲವೇ ಎಂದು ಕೇಳಿದೆ. “ಅದಕ್ಕೆ ಸರ್ಟಿಫಿಕೇಟ್ ಎಲ್ಲುಂಟು?” ಎಂದರು ಶೆಟ್ರು.

ಗಾಜು ಹಾಳಾಗಲಿ, ನನಗೆ ಬೇಕಾದದ್ದು ಒಂದೇ: ಬಸ್ಸು. ನನಗಲ್ಲ, ಗಿರಿಜಕ್ಕನಿಗೆ. ಗಿರಿಜಕ್ಕ ನನ್ನ ಬೆರಳಚ್ಚುಗಾರ್ತಿ. ಇಪ್ಪತ್ತೆಂಟು ವರ್ಷದಿಂದ ಕಾರ್ಕಳದಿಂದ ಬಂದುಹೋಗುತ್ತಾರೆ. ನನ್ನ ಕೈಬರಹ ಓದಬಲ್ಲವರು ಭೂಮಿಯ ಮೇಲೆ ಅವರೊಬ್ಬರೇ. ಮಾರನೆಯ ದಿನವಾದರೆ ನನಗೂ ಓದಲಾಗುವುದಿಲ್ಲ. ಅವರಿಗೆ ಈಗ ಮಂಡಿನೋವು. ಒಂದೇ ಬಸ್ಸು ಹತ್ತಿ ಇಳಿಯುವುದಾದರೆ ಸರಿ, ಎರಡನೆಯ ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಇಲ್ಲ ಎಂದು ಮೊದಲೇ ಹೇಳಿದ್ದರು.

“ಬಸ್ ಸ್ಟಾಪ್ ಎದುರಿಗೇ ಉಂಟಲ್ಲ!” ಎಂದು ಶೆಟ್ರು ಬೆರಳು ತೋರಿಸಿದರು. ಹೌದು, ಇತ್ತು, ಮಾಡೂ ಬೆಂಚೂ ಸಮೇತ. ಆದರೆ ಅಲ್ಲಿ ನಿಲ್ಲುವುದು ಸಿಟಿ ಬಸ್ಸು. ಗಿರಿಜಕ್ಕ ಬರುವುದು ಎಕ್ಸ್‌ಪ್ರೆಸ್ಸಿನಲ್ಲಿ. ಅದು ಮಣಿಪಾಲ ಬಿಟ್ಟರೆ ಸೀದಾ ಉಡುಪಿ, ನಡುವೆ ನಮ್ಮ ಗಾಜಿನ ಮುಂದೆಯೇ ಹಾರ್ನ್ ಹೊಡೆದುಕೊಂಡು ಹೋಗುತ್ತದೆ. ಹಾಗಾದರೆ ಈ ಕಟ್ಟಡ ಬಸ್ಸಿಗೆ ಹತ್ತಿರವೋ ದೂರವೋ? ಎರಡು ದಿನ ಯೋಚಿಸಿದರೂ ಬಗೆಹರಿಯಲಿಲ್ಲ. ಗಿರಿಜಕ್ಕನನ್ನು ಕೇಳಿದರೆ “ನೋಡುವ” ಎಂದರು. ನಮ್ಮ ಕಡೆಯವರು ‘ನೋಡುವ’ ಎಂದ ಮೇಲೆ ದೇವರೂ ಕಾಯಬೇಕು. ನನಗೆ ನಿಜವಾಗಿ ಹೆದರಿಕೆಯಾಯಿತು. ಆಕೆ ಬಾರದಿದ್ದರೆ ಕಚೇರಿ ಹಸಿರಾದರೇನು, ಕೆಂಪಾದರೇನು?

ಬೇರೆ ಜಾಗವೂ ಸಿಗದೆ ಕೊನೆಗೆ ಶೆಟ್ರಿಗೆ ಹೂಂ ಎಂದೆ. “ಬಾಡಿಗೆ ಪತ್ರ ನೀವೇ ಬರೀರಿ, ನಿಮಗಿಂತ ಬಲ್ಲವರು ಯಾರು?” ಎಂದು ಶೆಟ್ರು ಬೆನ್ನು ತಟ್ಟಿದರು. ಉಬ್ಬಿಹೋಗಿ ಒಂದೇ ಪಟ್ಟಿಗೆ ಕುಳಿತು ಆರು ಪುಟ ಗೀಚಿ ಗಿರಿಜಕ್ಕನ ಮೇಜಿನ ಮೇಲಿಟ್ಟೆ. ಅವರು ಎರಡು ಪುಟ ಓದಿ ಕನ್ನಡಕ ತೆಗೆದರು.

“ಭಟ್ರೇ, ಈ ಬಾಡಿಗೆದಾರನ ಮೇಲೆ ನಿಮಗೆ ಎಂತ ದ್ವೇಷ?”

ನೋಡಿದರೆ, ಅಯ್ಯೋ ರಾಮ! ದೀಪ ಆರಿದರೆ ಬಾಡಿಗೆದಾರನು ತಕರಾರು ಎತ್ತತಕ್ಕದ್ದಲ್ಲ. ಗಾಜಿಗೆ ಬಿರುಕು ಬಿಟ್ಟರೆ, ಯಾರೇ ಒಡೆದಿರಲಿ, ಬಾಡಿಗೆದಾರನೇ ಹೊಣೆ. ಮಾಲೀಕರು ಯಾವಾಗ ಬೇಕಾದರೂ ಒಳಬರಬಹುದು. ನಮ್ಮಲ್ಲಿ ಬಾಡಿಗೆ ಪತ್ರ ಬರೆಸುವವರು ಯಾವಾಗಲೂ ಧಣಿಗಳು. ಬಾಡಿಗೆಗೆ ಬರುವವನು ಬರೇ ಸಹಿಗೆ ಬರುತ್ತಾನೆ. ಮೂವತ್ತು ವರ್ಷ ಧಣಿಗಳ ಪರ ಬರೆದ ಕೈ, ಈ ಬಾರಿ ಬಾಡಿಗೆದಾರ ನಾನೇ ಎಂಬುದನ್ನು ಗಮನಿಸದೆ ನನ್ನನ್ನೇ ಚೆನ್ನಾಗಿ ಕಟ್ಟಿಹಾಕಿತ್ತು. ಇಂಥ ಪತ್ರಕ್ಕೆ ಎಷ್ಟು ಮಂದಿ ನನ್ನೆದುರು ತೆಪ್ಪಗೆ ಸಹಿ ಹಾಕಿ ಹೋಗಿದ್ದಾರೋ! ನಾಚಿಕೆಯಾಯಿತು.

ಗಿರಿಜಕ್ಕ ಕೆಂಪು ಪೆನ್ಸಿಲು ಹಿಡಿದರು. ಸಂಜೆಯ ಹೊತ್ತಿಗೆ ಆರು ಪುಟ ಎರಡೂವರೆಯಾಗಿ, ಶುದ್ಧಪ್ರತಿಯಾಗಿ ನನ್ನ ಮುಂದೆ ಬಂತು. ಬರೆದವನಿಗೇ ದಯೆ ತೋರಿಸಿದ ಪತ್ರ ಅದು. ಒಂದು ಷರತ್ತು ಮಾತ್ರ ಹಾಗೆಯೇ ಇತ್ತು: ಮೂರು ವರ್ಷದೊಳಗೆ ಬಾಡಿಗೆದಾರನು ಜಾಗ ಬಿಟ್ಟು ಹೋಗತಕ್ಕದ್ದಲ್ಲ.

“ಇದನ್ನು ಯಾಕೆ ಬಿಟ್ಟಿರಿ ಗಿರಿಜಕ್ಕ? ನಾಳೆ ನೀವೇ ಬರುವುದಿಲ್ಲ ಎಂದರೆ ನಾನು ಆ ಗಾಜಿನೊಳಗೆ ಮೂರು ವರ್ಷ ಒಬ್ಬನೇ ಕೈ ಬೀಸುತ್ತ ಕೂರಬೇಕಾ?”

“ಬಸ್ಸಿನ ಕಂಡಕ್ಟರ್ ಹತ್ರ ಹೇಳಿ ಆಗಿದೆ, ಕಟ್ಟಡದ ಎದುರು ನಿಲ್ಲಿಸ್ತಾನೆ.”

“ಅಲ್ಲಿ ಅವನಿಗೆ ಸ್ಟಾಪ್ ಇಲ್ವಲ್ಲ?”

“ಸ್ಟಾಪ್ ಇಲ್ಲ. ಆದ್ರೆ ಅವನ ತಾಯಿಯ ಮರಣಶಾಸನ ಟೈಪ್ ಮಾಡಿದ್ದು ನಾನಲ್ವಾ?” ಎಂದು ಗಿರಿಜಕ್ಕ ಚೀಲ ಹೆಗಲಿಗೇರಿಸಿದರು. “ಮೂರು ವರ್ಷ ಕಳೆದ್ರೆ ನನಗೆ ಅರವತ್ತು. ಅಲ್ಲಿಯವರೆಗೆ ನೀವು ಓಡಿಹೋಗ್ಬಾರ್ದು.”

ಓದದೆ ಎಲ್ಲಿಯೂ ಸಹಿ ಹಾಕಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಉಳಿದ ಪುಟ ತಿರುಗಿಸಿಯೂ ನೋಡದೆ ಸಹಿ ಹಾಕಿದೆ.