ನನ್ನ ದವಡೆಹಲ್ಲು ಮತ್ತು ನಮ್ಮತ್ತೆ

ಎಷ್ಟೋ ತಿಂಗಳಿಂದ ನಾನು ಎಡಗಡೆಯ ದವಡೆಯಲ್ಲೇ ಊಟ ಮಾಡುತ್ತಿದ್ದೇನೆಂಬುದು ನನಗೇ ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿದವರು ನಮ್ಮತ್ತೆ. ಶೆಟ್ಟಿಕೊಪ್ಪದ ಮನೆಯಲ್ಲಿ ಬೆಳಗಿನ ಅಕ್ಕಿರೊಟ್ಟಿಗೆ ಎದುರುಬದುರು ಕೂರುವವರು ನಾವಿಬ್ಬರೇ. ಒಂದು ದಿನ ಅವರು ತಮ್ಮ ತಟ್ಟೆಯನ್ನು ಬದಿಗೆ ಸರಿಸಿ, ನನ್ನ ಕೆನ್ನೆಯನ್ನೇ ದಿಟ್ಟಿಸಿ, “ಎಂತ ಮಾರಾಯ್ತಿ, ಬಲಗಡೆ ಬಾಯಿಗೆ ರಜೆ ಕೊಟ್ಟಿದ್ದೀಯಾ?” ಎಂದರು. ನಾನು ಶಾಲೆಯ ಟೀಚರು. ರಜೆಯ ಮಾತಿಗೆ ನಗು ಬಂತು. ಆದರೆ ಬಚ್ಚಲಿನ ಕನ್ನಡಿಯ ಮುಂದೆ ತುಟಿ ಸರಿಸಿ ನೋಡಿದಾಗ ಆ ನಗು ಇಳಿಯಿತು. ಕೆಳದವಡೆಯ ದೊಡ್ಡ ಹಲ್ಲಿನ ಬುಡದಲ್ಲಿ ಒಸಡು ಉಬ್ಬಿತ್ತು, ಉಬ್ಬಿನ ತುದಿಯಲ್ಲೊಂದು ಕೀವಿನ ಗುಳ್ಳೆಯಿತ್ತು, ನಾಲಿಗೆಯಿಂದ ದೂಡಿದರೆ ಹಲ್ಲು ಅಲುಗುತ್ತಿತ್ತು.

ನೀವೂ ನನ್ನ ಹಾಗೆಯೇ ಇರಬಹುದು. ದೇಹದ ಯಾವ ಭಾಗ ತಕರಾರಿಲ್ಲದೆ ದುಡಿಯುತ್ತದೆಯೋ ಅದರ ನೆನಪೇ ನಮಗಿರುವುದಿಲ್ಲ. ಐವತ್ತು ವರ್ಷ ಹತ್ತಿರವಾಗುವವರೆಗೆ ನನ್ನ ಅನ್ನವನ್ನೆಲ್ಲ ಅರೆದುಕೊಟ್ಟ ಹಲ್ಲೊಂದನ್ನು ನಾನು ಅಂದು ಮೊದಲ ಸಲ ಮುಖಾಮುಖಿ ಕಂಡೆ, ಅದೂ ಅದು ಹೊರಡಲು ಸಿದ್ಧವಾಗಿ ನಿಂತಾಗ.

ಆ ವಾರ ನೆಂಟರ ಊರಿಗೆ ಹೋದಾಗ ಅಲ್ಲಿನ ವೈದ್ಯರೊಬ್ಬರು ನೋಡಿ, ತೆಗೆಸಿಬಿಡುವುದೇ ಮೇಲು ಎಂದರು. ನಾನು ಒಪ್ಪಿದೆ. ಒಂದು ಹಲ್ಲು ತಾನೆ, ಇನ್ನೂ ಇಪ್ಪತ್ತೆಂಟು ಉಳಿದಿವೆ. ಒಪ್ಪದವರು ಅತ್ತೆ.

“ನಂಗೂ ಹಾಂಗೇ ಅಂದಿದ್ರು, ಒಂದು ಹಲ್ಲು ತಾನೆ ಅಂತ. ಒಂದು ಹೋಯ್ತು, ಪಕ್ಕದ್ದು ಅಲುಗಿತು, ಅದೂ ಹೋಯ್ತು. ನಲವತ್ತಕ್ಕೆ ಬಾಯಿ ಖಾಲಿ. ಉಳಿಸಬಹುದಾ ಅಂತ ಕೇಳಬೇಕು ಅನ್ನೋದೇ ನಂಗೆ ಗೊತ್ತಿರ್ಲಿಲ್ಲ ಮಾರಾಯ್ತಿ. ನೀನು ಕೇಳು.”

ಕೇಳಿದ್ದು ಕೊಪ್ಪದಲ್ಲಿ. ಅಲ್ಲಿನ ದಂತವೈದ್ಯೆ ನನ್ನ ಮಗಳ ವಯಸ್ಸಿನ ಹುಡುಗಿ. ಹಲ್ಲಿಗೆ ತಣ್ಣನೆಯದೇನನ್ನೋ ತಾಗಿಸಿದಳು, ನನಗೆ ತಂಪೇ ತಿಳಿಯಲಿಲ್ಲ. ಸಣ್ಣ ಕಡ್ಡಿಯೊಂದನ್ನು ಒಸಡಿನ ಸಂದಿಗೆ ಇಳಿಸಿದಳು, ಅದು ಇಳಿಯುತ್ತಲೇ ಹೋಯಿತು. ಆಮೇಲೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬೇರಿನ ಸುತ್ತಲಿನ ಕಪ್ಪು ನೆರಳನ್ನು ತೋರಿಸಿದಳು.

“ಟೀಚರೇ, ಈ ಹಲ್ಲಿಗೆ ಎರಡು ಕಾಯಿಲೆ. ಒಳಗೆ ನರ ಸತ್ತು ಸೋಂಕು ಬೇರಿನ ತುದೀಲಿ ಕೂತಿದೆ. ಹೊರಗಿಂದ ಒಸಡಿನ ಕಾಯಿಲೆ ಮೂಳೆ ತಿಂತಾ ಕೆಳಗಿಳಿದಿದೆ. ಎರಡೂ ಈಗ ಒಂದಾಗಿವೆ. ಒಂದಕ್ಕೇ ಮದ್ದು ಮಾಡಿದ್ರೆ ಇನ್ನೊಂದು ಬಿಡೋದಿಲ್ಲ.”

“ಉಳೀತದಾ?” ನನಗಿಂತ ಮೊದಲು ಕೇಳಿದವರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ.

“ಖಾತ್ರಿ ಹೇಳೋಕೆ ಆಗೋದಿಲ್ಲ ಅಮ್ಮ. ಮೊದಲು ರೂಟ್ ಕೆನಾಲ್, ಜೊತೆಗೆ ಒಸಡಿನ ಕ್ಲೀನಿಂಗ್. ಆಮೇಲೆ ಎರಡು ಮೂರು ತಿಂಗಳು ಕಾಯಬೇಕು. ಒಳಗಿನ ಸೋಂಕು ಹೋದ ಮೇಲೆ ಎಷ್ಟು ತಾನಾಗಿ ಮಾಯ್ತದೆ ನೋಡಿ, ಉಳಿದದ್ದಕ್ಕೆ ಒಸಡಿನ ಆಪರೇಷನ್. ಪ್ರಯತ್ನ ಮಾಡಬಹುದು.”

“ಮಾಡಬಹುದು ಅಂದ್ರಲ್ಲ, ಸಾಕು. ಶುರು ಮಾಡಿ,” ಎಂದರು ಅತ್ತೆ, ಹಲ್ಲು ತಮ್ಮದೇ ಎಂಬಂತೆ.

ಹೀಗೆ ನಮ್ಮ ಶನಿವಾರಗಳು ಶುರುವಾದವು. ಮಧ್ಯಾಹ್ನ ಶಾಲೆ ಬಿಟ್ಟು ಬರುವಷ್ಟರಲ್ಲಿ ಅತ್ತೆ ಸೀರೆಯುಟ್ಟು ಬಸ್‌ಸ್ಟಾಪಿನಲ್ಲಿ ನಿಂತಿರುತ್ತಿದ್ದರು. ನಾನೊಬ್ಬಳೇ ಹೋಗಿಬರುತ್ತೇನೆಂದರೆ ಕೇಳುವವರಲ್ಲ. ಮೊದಲ ಇಂಜೆಕ್ಷನ್ನಿಗೆ ನಾನು ನಡುಗಿದ್ದನ್ನು ಕಂಡು, ಕುರ್ಚಿಯ ಕಾಲ್ದೆಸೆಗೆ ಬಂದು ನನ್ನ ಕಾಲಿನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ತಲೆಯ ಕಡೆಗೆ ಡಾಕ್ಟರೂ ನರ್ಸೂ ಇದ್ದದ್ದರಿಂದ ಅವರಿಗೆ ಸಿಕ್ಕಿದ್ದು ಅದೊಂದೇ. ಬಾಯೊಳಗೆ ಯಂತ್ರ ಗುಂಯ್ಗುಡುತ್ತಿರುವಾಗ, ಕಾಲಿನ ಕೊನೆಯಲ್ಲಿ ಒಬ್ಬರು ನಮ್ಮನ್ನು ಹಿಡಿದುಕೊಂಡಿದ್ದಾರೆ ಎಂಬ ತಿಳಿವಳಿಕೆ ಎಷ್ಟು ದೊಡ್ಡದೆಂದು ಅದನ್ನು ಉಂಡವರೇ ಬಲ್ಲರು.

ಗುಳ್ಳೆ ಬತ್ತಿತು. ಕಾಯುವ ತಿಂಗಳುಗಳೂ ಮುಗಿದವು. ಒಂದು ಬದಿಯ ಆಳ ಮಾತ್ರ ತುಂಬಲಿಲ್ಲ. ಡಾಕ್ಟರು ಒಸಡನ್ನು ಬಿಡಿಸಿ, ಬೇರನ್ನು ಕೆರೆದು ಚೊಕ್ಕಮಾಡಿ, ಮೂಳೆಯ ಪುಡಿಯಂಥದನ್ನು ತುಂಬಿ ಹೊಲಿಗೆ ಹಾಕಿದಳು. ವಾರವಿಡೀ ನನಗೆ ಗಂಜಿ. ಅತ್ತೆಯೂ ತಮಗೆ ಗಂಜಿಯನ್ನೇ ಬಡಿಸಿಕೊಂಡರು. ಸೊಸೆಗೆ ಜೊತೆಯಾಗಲೆಂದು ಹೀಗೆ ಮಾಡುತ್ತಿದ್ದಾರೆಂದು ತಿಳಿದು ನಾನು ಒಳಗೊಳಗೇ ಕರಗಿದೆ.

ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಕೈತೊಳೆಯುತ್ತ, “ಅಮ್ಮ, ಇಷ್ಟು ದಿನ ಬಂದ್ರಿ, ನಿಮ್ಮ ಬಾಯೂ ಒಮ್ಮೆ ತೋರಿಸಿ,” ಎಂದಳು.

“ಹಲ್ಲೇ ಇಲ್ಲದ ಬಾಯಲ್ಲಿ ನೋಡೋದೆಂತ?” ಎಂದು ಅತ್ತೆ ಬಾಗಿಲ ಕಡೆಗೆ ತಿರುಗಿದರು. ನಾನು ಬಿಡಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಈ ಸಲ ಅವರ ಹೆಬ್ಬೆರಳನ್ನು ನಾನು ಹಿಡಿದೆ. ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾದರೂ ಹಲ್ಲಿನ ಸೆಟ್ಟಿಲ್ಲದ ಅವರ ಮುಖವನ್ನು ನಾನು ಕಂಡವಳಲ್ಲ. ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡೇ ತೆಗೆಯುತ್ತಿದ್ದರು. ಅಂದು ಕಣ್ಣುಮುಚ್ಚಿ ತೆಗೆದರು. ಕೆನ್ನೆ ಒಳಕ್ಕೆ ಇಳಿದು, ಅವರು ಒಮ್ಮೆಲೇ ತುಂಬ ಮುದುಕಿಯಾಗಿಯೂ ಪುಟ್ಟ ಮಗುವಾಗಿಯೂ ಕಂಡರು. ಕೆಳಗಿನ ಒಸಡಿನ ಮೇಲೆ ಬಿಳಿ ಅಂಚಿನ ಹುಣ್ಣಿತ್ತು.

ಡಾಕ್ಟರ ಮುಖ ಗಂಭೀರವಾಯಿತು. “ಎಷ್ಟು ದಿನ ಆಯ್ತು?”

“ಮೂರು ತಿಂಗಳು ಇರಬಹುದು.”

“ಎಲೆಅಡಿಕೆ?”

“ಮದುವೆ ಆದಾಗಿಂದ ಉಂಟು.”

ಸಡಿಲವಾದ ಸೆಟ್ಟು ಉಜ್ಜಿ ಆದದ್ದಿರಬಹುದು ಎಂದಳು. ಎರಡು ವಾರ ಸೆಟ್ಟು ಹಾಕಬಾರದು, ಎಲೆಅಡಿಕೆ ಮುಟ್ಟಲೇಬಾರದು. ಆಗಲೂ ಮಾಯದಿದ್ದರೆ ಶಿವಮೊಗ್ಗದಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿಸಬೇಕು. ಏನನ್ನು ಪರೀಕ್ಷಿಸಲು ಎಂದು ಅವಳು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಬಸ್ಸಿನಲ್ಲಿ ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. “ವಾರ ವಾರ ಡಾಕ್ಟರ ಎದುರೇ ಕೂತಿದ್ರಲ್ಲ, ಒಂದು ಮಾತು ಹೇಳಬಾರದಿತ್ತಾ ಅತ್ತೆ?”

ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಅವರು ಹೇಳಿದರು: “ನಂದು ಹೇಳಿದ್ರೆ ನೀನು ನಿಂದು ಅರ್ಧಕ್ಕೆ ಬಿಡ್ತಿದ್ದೆ. ನಿಂದು ಮುಗೀಲಿ ಅಂತ ಕಾದೆ.”

ಆ ಗಂಜಿಯೂ ಆಗಲೇ ನನಗೆ ಅರ್ಥವಾದದ್ದು.

ಎಲೆಅಡಿಕೆ ಕುಟ್ಟುವ ಪುಟ್ಟ ಒರಳನ್ನು ಅತ್ತೆ ತಾವೇ ಅಟ್ಟಕ್ಕೆ ಹಾಕಿಸಿದರು. ಆ ಎರಡು ವಾರ ನಾನು ದಿನಾ ಬೆಳಿಗ್ಗೆ ಮೊಬೈಲಿನ ಟಾರ್ಚು ಹಿಡಿದು ಅವರ ಬಾಯೊಳಗೆ ನೋಡುತ್ತಿದ್ದೆ. ನಿನ್ನೆಗಿಂತ ಚಿಕ್ಕದಾಗಿದೆಯೋ, ಚಿಕ್ಕದೆಂದು ನನ್ನ ಕಣ್ಣಿಗೆ ಆಸೆಯೋ, ನಿರ್ಧಾರವಾಗುತ್ತಿರಲಿಲ್ಲ. ನನ್ನ ಒಂದು ಹಲ್ಲಿಗಾಗಿ ಅಷ್ಟು ಯೋಚಿಸಿದವಳು, ಹಲ್ಲೊಂದೂ ಇಲ್ಲದ ಆ ಬಾಯಿಯ ಬಗ್ಗೆ ಇಷ್ಟು ವರ್ಷ ಏನನ್ನೂ ಕೇಳಿರಲಿಲ್ಲವಲ್ಲ ಎಂಬುದು ಆ ಇಂಜೆಕ್ಷನ್ನಿಗಿಂತ ಹೆಚ್ಚು ಚುಚ್ಚಿತು.

ನನ್ನ ಹಲ್ಲು ಈಗ ಗಟ್ಟಿಯಾಗಿ ನಿಂತಿದೆ, ಕ್ಯಾಪ್ ಎಂಬ ಟೋಪಿ ತೊಟ್ಟಿದೆ. ಇತ್ತೀಚಿನ ಎಕ್ಸ್‌ರೇಯಲ್ಲಿ ಆ ಕಪ್ಪು ನೆರಳು ತಿಳಿಯಾಗಿದೆ. ಎಷ್ಟು ವರ್ಷವೆಂದು ಡಾಕ್ಟರು ಇಂದಿಗೂ ಮಾತು ಕೊಡುವುದಿಲ್ಲ. ಬರುತ್ತಿರಿ, ಶುಚಿಯಾಗಿಡಿ ಎನ್ನುತ್ತಾಳೆ. ಆದರೆ ನಾನು ಕೃತಜ್ಞತೆಯಿಂದ ನೆನೆಯುವುದು ಆ ಎರಡು ವಾರ ಮುಗಿದ ಶನಿವಾರವನ್ನು. ಡಾಕ್ಟರು ಕನ್ನಡಿಯ ಕಡ್ಡಿ ಹಿಡಿದು ಬಹಳ ಹೊತ್ತು ನೋಡಿದಳು, ಬೆರಳಿನಿಂದ ಮುಟ್ಟಿ ನೋಡಿದಳು, ಆಮೇಲೆ ಮಾಸ್ಕು ಇಳಿಸಿ ನಕ್ಕಳು. “ಮಾಯ್ದಿದೆ ಅಮ್ಮ. ಹೊಸ ಸೆಟ್ಟು ಮಾಡೋಣ.”

ಮೆಟ್ಟಿಲಿಳಿದು ರಸ್ತೆಗೆ ಬಂದೆವು. ಅತ್ತೆ ನನ್ನ ಕೈ ಹಿಡಿದೆಳೆದರು: “ಹಸಿವಾಯ್ತು ಮಾರಾಯ್ತಿ, ದೋಸೆ ತಿನ್ನುವ ಬಾ.” ಹೋಟೆಲಿನಲ್ಲಿ ಜನ ತುಂಬಿತ್ತು. ಪರಿಚಯದ ಹೆಂಗಸೊಬ್ಬರು ಪಕ್ಕದ ಟೇಬಲಿನಿಂದ ಬಗ್ಗಿ, “ಹಲ್ಲೆಲ್ಲಿ ಬಿಟ್ಟು ಬಂದ್ರಿ?” ಎಂದು ಕೇಳಿಯೇಬಿಟ್ಟರು. ಅತ್ತೆ ದೋಸೆಯನ್ನು ಸಾಂಬಾರಿಗೆ ಅದ್ದಿ ಮೆತ್ತಗಾಗಿಸುತ್ತ, ಸೆರಗನ್ನು ಮುಟ್ಟದೆ, ಬೋಳುಬಾಯಿ ಅಗಲಿಸಿ ನಕ್ಕು ನನ್ನ ಕಡೆ ಕೈತೋರಿದರು:

“ಇವಳದ್ದು ಉಳಿಸಿಕೊಂಡೆವಲ್ಲ, ಸಾಕು.”