ಸಲ್ವಾದ ನೀರಿನ ಗೆರೆಗಳು

ಕುವೈತ್ ಸಿಟಿಯ ನಕ್ಷೆ ಕಂಪನಿಯಲ್ಲಿ ಇನೆಜ್‌ಗೆ ಒಪ್ಪಿಸಿದ ಕೆಲಸ ಕೇಳಲು ಸುಲಭ. ರಸ್ತೆ, ವಿದ್ಯುತ್ತು, ನೀರು, ಈ ಮೂರು ಇಲಾಖೆಗಳ ನಕ್ಷೆಗಳನ್ನು ಒಂದರ ಮೇಲೊಂದು ಹಾಸಿ, ಎಲ್ಲರಿಗೂ ಕಾಣುವಂತೆ ಮಾಡಬೇಕು. ಯುರೋಪಿನ ದೇಶಗಳು ಆಗಷ್ಟೇ ಗಡಿಗಳನ್ನು ದಾಟಿ ಇಂಥದ್ದೇ ಏರ್ಪಾಡಿಗೆ ಕೈಹಾಕಿದ್ದವು. ಅದರಲ್ಲಿ ಅವಳಿಗೆ ಹಿಡಿಸಿದ ಮಾತೊಂದಿತ್ತು: ನಕ್ಷೆ ಯಾರದೋ ಅವರೇ ಇಟ್ಟುಕೊಳ್ಳಲಿ, ಅವರೇ ತಿದ್ದಲಿ, ಉಳಿದವರು ನೋಡಲಿ, ಮುಟ್ಟದಿರಲಿ.

ನೀರಿನ ಇಲಾಖೆಯ ಹಳೆಯ ಪ್ರತಿಯನ್ನು ಹಾಸಿದಾಗ ಸಲ್ವಾ ಬಡಾವಣೆಯ ಕೊಳವೆಗಳೆಲ್ಲ ಮನೆಗಳೊಳಗೆ ನುಗ್ಗಿದ್ದವು. ಒಂದೊಂದು ಗಲ್ಲಿಯಲ್ಲಿ ಒಂದೊಂದು ಅಂತರದಷ್ಟು ಸರಿದಿದ್ದವು.

“ಎಲ್ಲರ ಬೆಡ್‌ರೂಮಲ್ಲೂ ನೀರು, ಇನೆಜ್ ಬಾಯಿ!” ಪಕ್ಕದ ಮೇಜಿನ ರಾನ್ಸನ್ ನಕ್ಕ. “ಸ್ವಲ್ಪ ಎಳೆದು ರಸ್ತೆ ಬದಿಗೆ ಹಾಕುವ. ಯಾರಿಗೆ ಗೊತ್ತಾಗ್ತದೆ?”

“ಅಗೆಯುವವರಿಗೆ ಗೊತ್ತಾಗ್ತದೆ. ಮುಟ್ಟಬೇಡ.”

ತಿದ್ದಿದ ನಕ್ಷೆ ಆ ಇಲಾಖೆಯ ಹಿರಿಯ ಎಂಜಿನಿಯರ್ ಅಬೂ ಖಾಲಿದ್ ಬಳಿ ಇತ್ತು. ಅವರು ಕೊಡಲೊಲ್ಲರು. ಮ್ಯಾನೇಜರ್ ಯಶೋಧರ ಬೇಸತ್ತಿದ್ದರು. “ಗುರುವಾರದೊಳಗೆ ಸಿಗದಿದ್ರೆ ಖಲಾಸ್ ಮಾರಾಯ್ತಿ. ರಾನ್ಸನ್ ಹೇಳಿದ ಹಾಗೆಯೇ ಎಳೆಯುದು.”

ಇನೆಜ್ ಮತ್ತೆ ನೀರಿನ ಇಲಾಖೆಗೆ ಹೋದಳು. ಅಬೂ ಖಾಲಿದ್ ಎಂದಿನಂತೆ ಚಹಾ ತರಿಸಿದರು, ಮಕ್ಕಳ ಕ್ಷೇಮ ಕೇಳಿದರು, “ಬುಕ್ರಾ, ನಾಳೆ ನೋಡೋಣ” ಎಂದರು. ಅವಳು ಏಳಲಿಲ್ಲ.

“ನಕ್ಷೆ ಕೊಡಬೇಡಿ, ಸರ್,” ಎಂದಳು ತನ್ನ ಅರೆಬರೆ ಅರಬಿಯಲ್ಲಿ. “ನಿಮ್ಮಲ್ಲೇ ಇರಲಿ. ಉಳಿದವರಿಗೆ ತೋರಿಸಿ, ಸಾಕು.”

“ತೋರಿಸಿದ ಮೇಲೆ ಅವರು ಗೀಚುತ್ತಾರೆ. ತಪ್ಪಾದರೆ ಬೈಗುಳ ನನಗೆ.”

ಇನೆಜ್ ತಂದಿದ್ದ ಲ್ಯಾಪ್‌ಟಾಪಿನಲ್ಲಿ ವಿದ್ಯುತ್ತಿನ ನಕ್ಷೆ ತೆರೆದಳು. “ಇದರಲ್ಲಿ ಒಂದು ಗೆರೆ ಸರಿಸಿ ನೋಡಿ.”

ಅವರು ಒತ್ತಿದರು, ಎಳೆದರು. ಗೆರೆ ಅಲ್ಲಾಡಲಿಲ್ಲ.

“ನನಗೂ ಬಿಡುವುದಿಲ್ಲವೋ?”

“ನಿಮಗೂ ಬಿಡುವುದಿಲ್ಲ. ನಿಮ್ಮದನ್ನು ಅವರಿಗೂ ಬಿಡುವುದಿಲ್ಲ. ಅಗೆಯುವ ಮೊದಲು ನಿಮ್ಮನ್ನೇ ಕೇಳಬೇಕು.”

ಅಬೂ ಖಾಲಿದ್ ಗಡ್ಡ ನೀವಿಕೊಂಡರು. ಆ ಕೊನೆಯ ಮಾತು ಅವರಿಗೆ ರುಚಿಸಿದಂತಿತ್ತು. “ಮೊದಲು ಸಲ್ವಾ ಮಾತ್ರ,” ಎಂದರು.

ಬುಧವಾರ ಅವರೇ ತಮ್ಮ ಹುಡುಗರನ್ನು ಕೂರಿಸಿಕೊಂಡು ನಕ್ಷೆಯನ್ನು ಜೋಡಿಸಿದರು. ಇತ್ತ ಇನೆಜ್‌ಳ ಪರದೆಯ ಮೇಲೆ ಕೊಳವೆಗಳು ಒಂದೊಂದಾಗಿ ಮನೆಗಳಿಂದ ಹೊರಬಂದು ರಸ್ತೆಯ ಬದಿಗೆ ಮಲಗಿದವು. ಒಂದು ಮಾತ್ರ ಯಾರದೋ ಮನೆಯ ಕಾಂಪೌಂಡಿನೊಳಗೇ ಉಳಿಯಿತು.

“ಅದೊಂದು ತಪ್ಪಿತು,” ಎಂದ ರಾನ್ಸನ್.

ಇನೆಜ್ ಫೋನ್ ಮಾಡಿ ಕೇಳಿದಳು. “ತಪ್ಪಿಲ್ಲ,” ಎಂದರು ಅಬೂ ಖಾಲಿದ್. “ಕೊಳವೆ ಅಲ್ಲೇ ಇದೆ. ಆ ಮನೆಯವರು ಗೋಡೆಯನ್ನು ಆಮೇಲೆ ರಸ್ತೆಯತ್ತ ಚಾಚಿ ಕಟ್ಟಿದ್ದು.”

ರಾನ್ಸನ್ ಮೌಸಿನಿಂದ ಕೈ ತೆಗೆದ. ಇನೆಜ್ ಆ ಗೆರೆಯನ್ನು ಇದ್ದಲ್ಲೇ ಬಿಟ್ಟು, ಯಶೋಧರರ ಕೋಣೆಯತ್ತ ನಡೆದಳು, ಉಳಿದ ಬಡಾವಣೆಗಳಿಗೂ ಇದೇ ಕ್ರಮ ಎಂದು ಹೇಳಲು.